ಕಪ್ಪು ಚಾರ್ಟ್ ಮೇಲೆ ಧ್ರುವಪ್ರಭೆ

ಪ್ರಶ್ನೆ: ಸರ್, ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ತೆಗೆದುಕೊಳ್ಳುತ್ತೇನೆ. ಮೊಬೈಲ್‌ನಲ್ಲಿ ಧ್ರುವಪ್ರಭೆಯ (ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಅರೋರಾ) ಫೋಟೊ ತೋರಿಸಿದೆ. ಮಕ್ಕಳೆಲ್ಲ ಅದನ್ನೇ ನೋಡಿಕೊಂಡು ಚಿತ್ರ ಬರೆದರು. ಅದರ ಬಗ್ಗೆ ಬರೆಯಿರಿ ಎಂದರೆ ‘ತುಂಬಾ ಸುಂದರವಾಗಿದೆ’ ಅಂತ ಒಂದೇ ಸಾಲು. ಚಿತ್ರ, ಬರವಣಿಗೆ ಎರಡರಿಂದಲೂ ಇದನ್ನು ಕಲಿಸುವುದು ಹೇಗೆ?
– ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಮೇಡಂ, ಮೊದಲು ಮೊಬೈಲನ್ನು ಬ್ಯಾಗಿಗೆ ಹಾಕಿ. ದಾವಣಗೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಫೋಟೊ ಎದುರಿಗಿದ್ದರೆ ಮಕ್ಕಳು ಯೋಚನೆ ಮಾಡುವುದಿಲ್ಲ. ಅದನ್ನು ಕೊನೆಗೆ ತೋರಿಸಿ.

ಕಪ್ಪು ಚಾರ್ಟ್ ಪೇಪರ್, ಬಣ್ಣದ ಚಾಕ್ ಇಷ್ಟೇ ಸಾಕು. ಹಸಿರು ಚಾಕಿನಲ್ಲಿ ಅಂಕುಡೊಂಕಾದ ಗೆರೆಯೊಂದನ್ನು ಒತ್ತಿ ಎಳೆಸಿ. ಆಮೇಲೆ ಬೆರಳಿನಿಂದ ಮೇಲಕ್ಕೆ ಮಾತ್ರ ಉಜ್ಜಿಸಿ. ಕೆಳಗಿನ ಅಂಚು ಸ್ಪಷ್ಟವಾಗಿ ಉಳಿಯುತ್ತದೆ, ಮೇಲೆ ಹೋದಂತೆ ಮಬ್ಬಾಗುತ್ತದೆ. ಆಕಾಶದಲ್ಲೂ ಹೆಚ್ಚಾಗಿ ಹೀಗೇ ಕಾಣುತ್ತದೆ. ಮೇಲಿನಿಂದ ನುಗ್ಗುವ ಎಲೆಕ್ಟ್ರಾನ್ ಎಂಬ ಸೂಕ್ಷ್ಮ ಕಣಗಳು ಗಾಳಿಗೆ ಡಿಕ್ಕಿ ಹೊಡೆಯುತ್ತವೆ. ನೆಲದಿಂದ ಸುಮಾರು 100 ಕಿ.ಮೀ. ಎತ್ತರದವರೆಗೆ ಇಳಿಯುವಷ್ಟರಲ್ಲಿ ಗಾಳಿ ದಟ್ಟವಾಗಿ ಅವುಗಳ ಓಟ ನಿಲ್ಲುತ್ತದೆ. ಆ ಜಾಗವೇ ಮಕ್ಕಳು ಎಳೆದ ಗೆರೆ. ಅಲ್ಲಿ ಹಸಿರು ಕೊಡುವುದು ಆಕ್ಸಿಜನ್. 200 ಕಿ.ಮೀ.ಗಿಂತ ಮೇಲೆ ಅದೇ ಆಕ್ಸಿಜನ್ ಕೆಂಪು ಕೊಡುತ್ತದೆ. ತೀರಾ ಕೆಳಗೆ ಕೆಲವೊಮ್ಮೆ ನೇರಳೆ, ಗುಲಾಬಿ ಅಂಚು. ಅದು ನೈಟ್ರೋಜನ್‌ದು.

‘ಬಣ್ಣ ಇಷ್ಟಬಂದಂತೆ ಹಚ್ಚಲಿ ಬಿಡಿ’ ಅನ್ನುವವರಿದ್ದಾರೆ. ಈ ಪಾಠದಲ್ಲಿ ನಾನು ಒಪ್ಪುವುದಿಲ್ಲ. ಕೆಂಪು ಮೇಲೆ, ಹಸಿರು ಕೆಳಗೆ ಅಂತ ಕೈಗೆ ಗೊತ್ತಾದರೆ ಅರ್ಧ ವಿಜ್ಞಾನ ಬಂದಂತೆ. ನಕ್ಷತ್ರದ ಚುಕ್ಕಿಗಳನ್ನು ಬಣ್ಣದ ಮೇಲೂ ಇಡಿಸಿ, ಬೆಳಕಿನ ನಡುವೆಯೂ ಅವು ಕಾಣುತ್ತವೆ.

ಕೆಳಗೆ ಮಕ್ಕಳು ತೆಂಗಿನಮರ, ಚಿತ್ರದುರ್ಗದ ಗುಡ್ಡದ ಗಾಳಿಯಂತ್ರ ಬರೆದೇ ಬರೆಯುತ್ತಾರೆ. ಅಳಿಸಬೇಡಿ. ‘ಇದು ನಮ್ಮೂರಿಗೆ ಯಾಕೆ ಬರಲ್ಲ?’ ಅಂತ ಕೇಳಿ. ಲೇತ್ ಅಂಗಡಿಯಿಂದ ಸ್ವಲ್ಪ ಕಬ್ಬಿಣದ ಪುಡಿ ತನ್ನಿ. ಪಟ್ಟಿ ಆಯಸ್ಕಾಂತದ ಮೇಲೆ ಹಾಳೆ ಇಟ್ಟು ಉದುರಿಸಿ. ಪುಡಿ ಎರಡು ತುದಿಯಲ್ಲೇ ಜಾಸ್ತಿ ಗುಂಪಾಗುತ್ತದೆ. ಭೂಮಿಯೂ ಆಯಸ್ಕಾಂತವೇ. ಅದರ ಸೆಳೆತದ ದಾರಿ ಹಿಡಿದ ಕಣಗಳು ಎರಡು ಧ್ರುವಗಳ ಸುತ್ತ ಉಂಗುರದಂತೆ ಇಳಿಯುತ್ತವೆ. ಆ ಉಂಗುರದ ಕೆಳಗೆ ನಾರ್ವೆ, ಫಿನ್ಲೆಂಡ್, ಆ ಕಡೆ ಅಂಟಾರ್ಕ್ಟಿಕಾ ಬರುತ್ತವೆ.

ಬರವಣಿಗೆಗೆ ಲಡಾಖ್‌ನ ಹಾನ್ಲೆ ಹಿಡಿಯಿರಿ. 2024ರ ಮೇ 10ರ ರಾತ್ರಿ ಸೌರ ಬಿರುಗಾಳಿ (ಸೂರ್ಯನಿಂದ ನುಗ್ಗಿ ಬರುವ ಕಣಗಳ ಹೊಡೆತ) ಜೋರಾಗಿದ್ದಾಗ ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಕೆಂಪು ಹೊಳಪು ದಾಖಲಾಯಿತು. ಆ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಕೆಂಪೇ ಯಾಕೆ? ತುಂಬಾ ದೂರದಿಂದ ನೋಡುವವರಿಗೆ ಎತ್ತರದ ಭಾಗ ಮಾತ್ರ ಕಾಣುತ್ತದೆ, ಹಸಿರು ದಿಗಂತದ ಕೆಳಗೇ ಉಳಿಯುತ್ತದೆ. ಈಗ ಮಕ್ಕಳಿಗೆ ಹೇಳಿ: ‘ನೀನು ಆ ರಾತ್ರಿ ಅಲ್ಲಿನ ಕಾವಲುಗಾರ. ಉತ್ತರದ ಕಡೆ ಆಕಾಶ ಕೆಂಪಾಯಿತು. ಏನು ಅಂದುಕೊಂಡೆ? ಯಾರನ್ನು ಎಬ್ಬಿಸಿದೆ?’ ‘ಸುಂದರ’ ಅನ್ನೋ ಪದ ಬಳಸುವಂತಿಲ್ಲ. ಮನೆಯಲ್ಲಿ ತೆಲುಗು ಆಡುವ ಮಕ್ಕಳು ನಿಮ್ಮ ಕಡೆ ಇದ್ದೇ ಇರುತ್ತಾರೆ ಅಲ್ವಾ? ಆ ಮಾತೂ ಬರಲಿ, ಸುಮ್ನೆ ತಿದ್ದಬೇಡಿ.

ಇಷ್ಟಾದ ಮೇಲೆ ಮೊಬೈಲ್ ತೆಗೆದು ಆ ಫೋಟೊ ತೋರಿಸಿ. ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಕೂಡಿಟ್ಟು ಬಣ್ಣ ಗಾಢ ಮಾಡುತ್ತದೆ. ಮಂದವಾದ ಧ್ರುವಪ್ರಭೆ ಬರಿಗಣ್ಣಿಗೆ ಬೂದುಬಿಳಿಯಾಗಿ ಕಾಣುವುದೂ ಉಂಟು. ತಮ್ಮ ಚಿತ್ರಕ್ಕೂ ಫೋಟೊಗೂ ಏನು ವ್ಯತ್ಯಾಸ ಅಂತ ಇನ್ನೆರಡು ಸಾಲು ಬರೆಸಿ.

ಚಿತ್ರಗಳನ್ನು ಸುರುಳಿ ಸುತ್ತಬೇಡಿ, ಚಾಕ್ ಉದುರುತ್ತದೆ. ನಡುವೆ ಹಳೇ ನ್ಯೂಸ್‌ಪೇಪರ್ ಇಟ್ಟು ಬೀರುವಿನಲ್ಲಿ ಜೋಡಿಸಿಡಿ.