ಕಹಿನೀರಿನಿಂದ ಮೆಗ್ನೀಸಿಯಂ: ಆ ಗಂಜಿಯನ್ನು ಸೋಸುತ್ತಾ ಕೂರಬೇಡಿ

ಫೋಟೋ ನೋಡಿದೆ ಮಾರಾಯ್ರೇ. ಮೆಗ್ನೀಸಿಯಂ ತೆಗೆಯಲೆಂದು ಉಪ್ಪಿನಾಗರದ ಕಹಿನೀರಿಗೆ (ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ನೀರು) ಕಾಸ್ಟಿಕ್ ಸೋಡಾ ದ್ರಾವಣವನ್ನು ಒಂದೇ ಏಟಿಗೆ ಸುರಿದಿದ್ದೀರಿ, ಬಕೆಟ್ ತುಂಬ ಗಂಜಿ, ಎರಡು ದಿನವಾದರೂ ಬಟ್ಟೆಯಿಂದ ನೀರಿಳಿದಿಲ್ಲ. ಇದೇ ತಪ್ಪು ಮಾಡಿದವನು ನಾನೂ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಟ್ಟೆ ಬದಲಿಸಿ ಪ್ರಯೋಜನವಿಲ್ಲ. ಗಾಢ ಕ್ಷಾರ ಒಮ್ಮೆಲೇ ಬಿದ್ದರೆ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಹರಳು ಬೆಳೆಯಲು ಸಮಯವೇ ಸಿಗುವುದಿಲ್ಲ, ನೀರು ಹಿಡಿದುಕೊಂಡ ಜೆಲ್ಲಿಯಾಗುತ್ತದೆ. ಚೆಲ್ಲಬೇಡಿ. ಅಷ್ಟೇ ನೀರು ಬೆರೆಸಿ, 70 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಇಟ್ಟು, ರಾತ್ರಿಯಿಡೀ ಅಲುಗಿಸದೆ ಬಿಡಿ. ಪೂರ್ತಿಯಲ್ಲದಿದ್ದರೂ ತಕ್ಕಮಟ್ಟಿಗೆ ತಳ ಸೇರುತ್ತದೆ.

ಮುಂದಿನ ಸಲ ಕಾಸ್ಟಿಕ್ ಬಿಟ್ಟು ಸುಣ್ಣ ಹಿಡಿಯಿರಿ. ಚಿಪ್ಪಿಸುಣ್ಣ ಸಿಕ್ಕರೆ ಅದೇ ಒಳ್ಳೆಯದು. ಟೆಕ್ಸಾಸಿನ ಫ್ರೀಪೋರ್ಟಿನಲ್ಲಿ ಡೌ ರಾಸಾಯನಿಕ ಕಂಪನಿ 1941ರಲ್ಲಿ ಸಮುದ್ರದ ನೀರಿನಿಂದ ಮೆಗ್ನೀಸಿಯಂ ತೆಗೆಯಲು ಶುರುಮಾಡಿದ್ದೂ ಸಿಂಪಿ ಸುಟ್ಟ ಸುಣ್ಣದಿಂದಲೇ. ಬಾಯಿ ತೆರೆದಿಟ್ಟ ಹಳೆಯ ಚೀಲದ ಸುಣ್ಣ ಬೇಡ. ಚಿಟಿಕೆಗೆ ವಿನೆಗರ್ ಹಾಕಿ ನೋಡಿ, ಜೋರಾಗಿ ನೊರೆ ಬಂದರೆ ಅದು ಗಾಳಿ ಕುಡಿದು ಕಾರ್ಬೊನೇಟ್ ಆಗಿದೆ.

30 ಬೋಮೆಯ (ದ್ರಾವಣದ ಸಾಂದ್ರತೆಯ ಅಳತೆ) ಕಹಿನೀರಿನಲ್ಲಿ ಲೀಟರಿಗೆ ಸುಮಾರು 40–50 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಮೊದಲು ಸಲ್ಫೇಟ್ ತೆಗೆಯಿರಿ, ಇಲ್ಲದಿದ್ದರೆ ಅದು ಸುಣ್ಣದ ಜೊತೆ ಸೇರಿ ಜಿಪ್ಸಂ ಆಗುತ್ತದೆ, ಇದನ್ನು ಬಿಟ್ಟವರಿಗೆಲ್ಲ ಕೊನೆಗೆ ಸಿಗುವುದು ಅರ್ಧ ಜಿಪ್ಸಂ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಸ್ವಲ್ಪಸ್ವಲ್ಪವೇ ಹಾಕಿ, ತಿಳಿಯಲ್ಲಿ ಹೊಸ ಬಿಳುಪು ಏಳದಿದ್ದಾಗ ನಿಲ್ಲಿಸಿ ಸೋಸಿ. ಆಮೇಲೆ ಒಂದು ಲೀಟರಿಗೆ ನಾಲ್ಕು ಲೀಟರ್ ಸಿಹಿನೀರು ಬೆರೆಸಿ 60 ಡಿಗ್ರಿಗೆ ಬಿಸಿಮಾಡಿ. 45 ಗ್ರಾಂ ಮೆಗ್ನೀಸಿಯಂಗೆ ಲೆಕ್ಕದ ಪ್ರಕಾರ 137 ಗ್ರಾಂ ಅರಳಿದ ಸುಣ್ಣ ಬೇಕು, ಆದರೆ 125 ಗ್ರಾಂ ಮಾತ್ರ ತೆಗೆದುಕೊಳ್ಳಿ. ಸ್ವಲ್ಪ ಮೆಗ್ನೀಸಿಯಂ ನೀರಲ್ಲೇ ಉಳಿಯಲಿ, ಮಾಲಿನಲ್ಲಿ ಸುಣ್ಣ ಉಳಿಯಬಾರದು. ತೆಳ್ಳಗೆ ಸುಣ್ಣದ ಹಾಲು ಮಾಡಿ, ಕಲ್ಲು ಮರಳು ಸೋಸಿ, ಒಂದು ಗಂಟೆಗೂ ಹೆಚ್ಚು ಹೊತ್ತು ಕಲಕುತ್ತಾ ಸಣ್ಣ ಧಾರೆಯಲ್ಲಿ ಬಿಡಿ. ಮೊದಲ ಹತ್ತನೇ ಒಂದು ಪಾಲಿಗೇ ಅರ್ಧ ಗಂಟೆ ಕೊಡಿ, ಹರಳಿನ ಬೀಜ ಹುಟ್ಟುವುದು ಅಲ್ಲೇ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹಿಂದಿನ ಸಲ ಚೆನ್ನಾಗಿ ಕೂತ ಕೆಸರಿನ ಕಾಲು ಭಾಗ ಇಟ್ಟುಕೊಂಡು ಶುರುವಿನಲ್ಲೇ ಸೇರಿಸಿದರೆ ಸೋಸುವ ಕಷ್ಟವೇ ಅರ್ಧ ಕಡಿಮೆ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಪಿಎಚ್ (ಆಮ್ಲ-ಕ್ಷಾರದ ಅಳತೆ) 9.5–10ರ ಒಳಗೇ ನಿಲ್ಲಬೇಕು. 11 ದಾಟಿತೆಂದರೆ ಸುಣ್ಣ ಹೆಚ್ಚಾಯಿತು. ಅಗ್ಗದ ಪೆನ್ ಮೀಟರ್ ಇಷ್ಟು ಉಪ್ಪಿನಲ್ಲಿ ಸುಳ್ಳು ಹೇಳುತ್ತದೆ, ಮರ್ಕ್ ಕಂಪನಿಯ ಪಿಎಚ್ ಕಾಗದದ ಪಟ್ಟಿ ವಾಸಿ. ಪರೀಕ್ಷೆಗೆ ಸ್ವಲ್ಪ ಸೋಸುವುದಿದ್ದರೆ ವಾಟ್‌ಮನ್ 41 ಸೋಸುಕಾಗದ ಸಾಕು, 42 ತೀರಾ ನಿಧಾನ. ಸೋಸಿದ ನೀರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇದೆ, ಮುಂದಿನ ಕಹಿನೀರಿನ ಸಲ್ಫೇಟ್ ತೆಗೆಯಲು ಅದನ್ನೇ ಬಳಸಿ. ಎರಡು ಸಲ ಸಾಕು, ಆಮೇಲೆ ಉಪ್ಪು ಏರುತ್ತದೆ.

ಡ್ರೈನ್ ಕ್ಲೀನರ್ ಪುಡಿಯನ್ನು ಇದಕ್ಕೆ ದಯವಿಟ್ಟು ತರಬೇಡಿ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರೇ ಇರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲೂ ಕ್ಷಾರ ಹಾಕಬಾರದು, ಹೈಡ್ರೋಜನ್ ಏಳುತ್ತದೆ. ಸ್ಟೀಲಿಗೂ ಕಹಿನೀರು ಗುಳಿ ಕೊರೆಯುತ್ತದೆ. ಪ್ಲಾಸ್ಟಿಕ್ ಬಕೆಟ್ಟೇ ಸರಿ, ಬಿಸಿಮಾಡಲು ಎನಾಮೆಲ್ ಪಾತ್ರೆ.

ಉಳಿದ ನೀರಿನಿಂದ ಲಿಥಿಯಂ, ಚಿನ್ನ ತೆಗೆಯಬಹುದೇ ಎಂದಿರಿ. ಸಮುದ್ರದ ನೀರಿನಲ್ಲಿ ಲಿಥಿಯಂ ಲೀಟರಿಗೆ 0.17 ಮಿಲಿಗ್ರಾಂ, ಮೆಗ್ನೀಸಿಯಂ 1.3 ಗ್ರಾಂ. ಚಿನ್ನಕ್ಕಾಗಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರ್ 1920ರ ದಶಕದಲ್ಲಿ ವರ್ಷಗಟ್ಟಲೆ ಹುಡುಕಿ ಕೈಬಿಟ್ಟರು. ಅದನ್ನು ಮರೆತುಬಿಡಿ.

ಲೋಹವೇ ಬೇಕೆಂದು ಮೆಗ್ನೀಸಿಯಂ ಕ್ಲೋರೈಡ್ ಕರಗಿಸಿ ಮನೆಯಲ್ಲಿ ವಿದ್ಯುತ್ ಹರಿಸಲು ಹೋಗಬೇಡಿ. ಹರಳಿನ ನೀರು ಬಿಸಿಗೆ ಹೋಗುವಾಗಲೇ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ, ಆಮೇಲೆ 700 ಡಿಗ್ರಿಯಲ್ಲಿ ಕ್ಲೋರಿನ್. ಹೈಡ್ರಾಕ್ಸೈಡ್ ಒಣಗಿಸಿ 500 ಡಿಗ್ರಿ ಕುಲುಮೆಯಲ್ಲಿ ಎರಡು ಗಂಟೆ ಸುಟ್ಟು ಮೆಗ್ನೀಷಿಯಾ (ಮೆಗ್ನೀಸಿಯಂ ಆಕ್ಸೈಡ್) ಮಾಡಿ, ಅಲ್ಲಿಗೆ ನಿಲ್ಲಿಸಿ.