ರಾಗದ ಚಿಂತೆ ಬಿಡಿ, ಒಂದು ಕಿವಿ ಖಾಲಿ ಇಡಿ

ಗಡ್ಡೆ ತೆಗೆಸುವಾಗ ಯಾವ ರಾಗ ಕೇಳಿದರೆ ನೋವು ಗೊತ್ತಾಗಲ್ಲ ಅಂತ ಕೇಳಿದ್ದೀರಿ. ನಾನೂ ಇದೇ ಹುಡುಕಾಟದಲ್ಲಿ ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಂಡವನು.

ನನ್ನದು ಬೆನ್ನ ಮೇಲಿನ ಕೊಬ್ಬಿನ ಗಡ್ಡೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುವುದು ಅಂತಾಗಿತ್ತು. ಹೊರಗಿನ ಸದ್ದನ್ನೇ ಒಳಗೆ ಬಿಡದ ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಏರಿಸಿ ಬೋರಲು ಮಲಗಿದೆ. ಸೂಜಿ ಚುಚ್ಚಿದ್ದು ಗೊತ್ತಾಯಿತು, ಆದರೆ ಮನಸ್ಸು ಹಾಡಿನಲ್ಲಿತ್ತು. ಇಷ್ಟೇನಾ ಅನ್ನಿಸಿತು.

ಎಡವಟ್ಟಾಗಿದ್ದು ಆಮೇಲೆ. ಆ ಇಂಜೆಕ್ಷನ್ ತಡೆಯುವುದು ನೋವನ್ನು. ಒತ್ತುವುದು, ಎಳೆಯುವುದು ಗೊತ್ತಾಗುತ್ತಲೇ ಇರುತ್ತೆ. ಅದಕ್ಕೇ ಡಾಕ್ಟರ್ ಮೊದಲೇ ಹೇಳುವುದು, 'ಈಗ ಸ್ವಲ್ಪ ಎಳೆದ ಹಾಗಾಗುತ್ತೆ, ಅಲ್ಲಾಡಬೇಡಿ' ಅಂತ. ಹೇಳಿದ್ದರಂತೆ. ನನಗೆ ಕೇಳಿಸಿದ್ದು ಬರೀ ತಬಲಾ! ಚರ್ಮದ ಕೆಳಗೆ ಏನೋ ಜಗ್ಗಿದ ಹಾಗಾಗಿ ಬೆಚ್ಚಿಬಿದ್ದು ಭುಜ ಎತ್ತಿಬಿಟ್ಟೆ. ಗಾಯ ಉದ್ದವಾಯಿತು, ಹೊಲಿಗೆ ಜಾಸ್ತಿ ಬಿತ್ತು. ನೋವಾಗಿ ಎದ್ದಿದ್ದಲ್ಲ ಕಣ್ರೀ. ಜಗ್ಗುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಹಲ್ಲು ಕಚ್ಚಿ ಸುಮ್ನೆ ಮಲಗಿರುತ್ತಿದ್ದೆ. ನರ್ಸ್ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟರು. ಉಳಿದದ್ದಷ್ಟೂ ಕತ್ತರಿಯ ಸದ್ದು ಕೇಳುತ್ತಾ ಕಳೆಯಿತು.

ಹಾಗಂತ ಹಾಡು ದಂಡ ಅಂತಲ್ಲ. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಆಪರೇಷನ್‌ಗೆ ಮೊದಲು, ನಡುವೆ, ಆಮೇಲೆ, ಯಾವಾಗ ಸಂಗೀತ ಕೇಳಿಸಿದರೂ ಆಪರೇಷನ್ ಆದಮೇಲೆ ರೋಗಿಗಳಿಗೆ ನೋವು, ಆತಂಕ ಕಡಿಮೆಯಾಗಿತ್ತು. ನೋವಿನ ಔಷಧಿಯೂ ಕಡಿಮೆ ಸಾಕಾಗಿತ್ತು. ಇಂಥದ್ದೇ ಸಂಗೀತ ಬೇಕು ಅಂತೇನೂ ಕಂಡುಬರಲಿಲ್ಲ. ಈ ರಾಗ ನೋವಿಗೆ, ಆ ರಾಗ ನಿದ್ದೆಗೆ ಅನ್ನುವ ಪಟ್ಟಿಗಳನ್ನು ನಾನಂತೂ ನಂಬಲ್ಲ. ನಿಮಗೆ ಬಾಯಿಪಾಠ ಆಗಿರುವ ಹಾಡು ಹಾಕಿಕೊಳ್ಳಿ. ಕುಣಿಯುವ ಹಾಡಾದರೂ ಸರಿ, ಕಾಲು ಆಡಿಸಬೇಡಿ ಅಷ್ಟೇ.

ಇನ್ನು, ಹಾಡು ಇದ್ದರೆ ಇಂಜೆಕ್ಷನ್ ಬೇಡ ಅನ್ನಬಹುದಾ ಅಂತಲೂ ಕೇಳಿದ್ದೀರಲ್ಲ, ಖಂಡಿತ ಹಾಗನ್ನಬೇಡಿ. ಹಾಡು ಭಯಕ್ಕೆ ಆಸರೆ, ಚಾಕುವಿಗೆ ಇಂಜೆಕ್ಷನ್ನೇ ಬೇಕು.

ಇಯರ್‌ಫೋನ್ ಒಂದೇ ಕಿವಿಗೆ ಹಾಕಿ, ಡಾಕ್ಟರ್ ಮಾತು ಕೇಳಿಸುವಷ್ಟು ಸಣ್ಣಗೆ. ಅವರಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ. ವೈರ್ ಇರುವುದು ಬೇಡ, ಶುಚಿ ಮಾಡಿದ ಜಾಗಕ್ಕೆ ತಾಗಿದರೆ ಮತ್ತೆ ಮೊದಲಿಂದ ಶುಚಿ ಮಾಡಬೇಕಾಗುತ್ತೆ. ಹಾಡನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ನಡುವೆ ಜಾಹೀರಾತು ಕಿರುಚುತ್ತೆ. ಮೇಜಿನ ಮೇಲೆ ಮಲಗುವವರೆಗೆ ಕಾಯಬೇಡಿ, ಹೊರಗೆ ಬೆಂಚಿನ ಮೇಲೆ ಕೂತಾಗಲೇ ಶುರು ಮಾಡಿ. ನನಗೆ ಕೈ ಬೆವರಿದ್ದು ಅಲ್ಲೇ ಜಾಸ್ತಿ.