ಹಾಡು ನಿಂತಾಗ ಬರುವ ಭಯ

"ಕರೆಂಟ್ ಹೋದರೆ ನನಗೆ ಉಸಿರು ಕಟ್ಟುತ್ತೆ ಮ್ಯಾಮ್."

ಆಪ್ತಸಲಹೆಗೆಂದು ನನ್ನ ಬಳಿ ಬಂದ ಮೊದಲ ದಿನ ಅವಳು ಹೇಳಿದ್ದು ಇಷ್ಟೇ. ಕತ್ತಲೆಗೆ ಹೆದರುತ್ತಾಳೆ ಅಂದುಕೊಂಡೆ. ಹಾಗಲ್ಲವಂತೆ, ಮಟಮಟ ಮಧ್ಯಾಹ್ನ ಹೋದರೂ ಅಷ್ಟೇ. ಫ್ಯಾನ್ ನಿಲ್ಲುತ್ತದೆ, ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ನಿಲ್ಲುತ್ತದೆ, ಮನೆ ಒಮ್ಮೆಗೇ ತಣ್ಣಗಾಗುತ್ತದೆ. ಆಗ ಅವಳ ಎದೆ ಹೊಡೆದುಕೊಳ್ಳುತ್ತದೆ. ಅಂಗೈ ಬೆವರುತ್ತದೆ. ಕಣ್ಣು ಬಾಗಿಲಿಗೆ ಅಂಟಿಕೊಳ್ಳುತ್ತದೆ.

ಅವಳನ್ನು ಇಲ್ಲಿ ಶೀರೀನ್ ಎಂದು ಕರೆಯುತ್ತೇನೆ. ಹೆಸರು, ಓದು, ಮನೆಯವರ ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಅವಳು ಒಪ್ಪಿದ್ದಾಳೆ. ಬರೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿ ತೋರಿಸಿದ್ದೇನೆ. ಬೇಡ ಅಂದ ಎರಡು ವಿಷಯ ಬಿಟ್ಟಿದ್ದೇನೆ. ಟೆಹರಾನಿನ ಹುಡುಗಿ, ವಯಸ್ಸು 25. ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬೆಂಗಳೂರು, ಮೈಸೂರಿನ ಕಾಲೇಜುಗಳಿಗೆ ಇರಾನಿನ ಮಕ್ಕಳು ಬರುವುದು ಹಳೆಯ ಸಂಗತಿ. ಇನ್ನೂ ಹಿಂದೆ ಹೋದರೆ, ದಿವಾನ್ ಮಿರ್ಜಾ ಇಸ್ಮಾಯಿಲರ ಅಜ್ಜ ಅಲಿ ಅಸ್ಕರ್ ಕೂಡ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಇಲ್ಲಿಗೆ ಬಂದವರೇ ಅಲ್ವಾ.

ಈ ಭಯ ಶುರುವಾದದ್ದು ಒಂದು ಪಬ್ಬಿನಲ್ಲಿ. ಗೆಳತಿಯ ಹುಟ್ಟುಹಬ್ಬಕ್ಕೆ ನಾಲ್ಕೈದು ಜನ ಇಂದಿರಾನಗರಕ್ಕೆ ಹೋಗಿದ್ದರು. ಶೀರೀನ್ ಮನಸಾರೆ ಕುಣಿದಳು. ಒಂದು ಗಂಟೆಗೆ ಮುಚ್ಚುವ ಹೊತ್ತಾಯಿತು. ಹಾಡು ಥಟ್ಟನೆ ನಿಂತಿತು, ಬಿಳಿ ದೀಪಗಳೆಲ್ಲ ಹತ್ತಿದವು. ಹೊರಗೆ ಪೊಲೀಸರ ಹೊಯ್ಸಳ ವಾಹನ ನಿಂತಿತ್ತು. ಉಳಿದವರು ಚಪ್ಪಲಿ, ಬ್ಯಾಗು ಹುಡುಕುತ್ತಿದ್ದಾಗ ಇವಳು ಕುರ್ಚಿಯ ಮೇಲಿದ್ದ ಯಾರದೋ ಜಾಕೆಟ್ ತೆಗೆದು ತಲೆಗೆ ಹೊದ್ದುಕೊಂಡು ಮೂಲೆಯಲ್ಲಿ ಕುಳಿತಿದ್ದಳು. ಏನಾಯಿತು ಎಂದು ಯಾರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಮೂರನೆಯ ಭೇಟಿಯಲ್ಲಿ ಲವಾಸಾನಿನ ಆ ರಾತ್ರಿಯ ಮಾತು ಬಂತು.

ಲವಾಸಾನ್ ಟೆಹರಾನಿನ ಈಶಾನ್ಯಕ್ಕಿರುವ ಗುಡ್ಡಗಾಡು. ತೋಟದ ಮನೆಗಳು ಜಾಸ್ತಿ. ಇರಾನಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಪಾರ್ಟಿ ಗುರುವಾರ ರಾತ್ರಿ. ಅವರು ಅದನ್ನು 'ಮೆಹಮೂನಿ' ಅನ್ನುತ್ತಾರೆ. ಅತಿಥಿಗಳ ಕೂಟ ಅಂತ ಅರ್ಥ. ಫೋನಿನಲ್ಲಿ ಆ ಮಾತು ಕೇಳಿದವರಿಗೆ ಚಿಕ್ಕಮ್ಮನ ಮನೆ ಊಟವೂ ಆಗಿರಬಹುದು, ಮುಂಜಾವದವರೆಗೆ ನಡೆಯುವ ಟೆಕ್ನೋ ಕುಣಿತವೂ ಆಗಿರಬಹುದು. ವಿಳಾಸ ಕೊನೆಯ ಗಂಟೆಯವರೆಗೂ ಸಿಗುವುದಿಲ್ಲ. ಮೊದಲು ಒಂದು ಪೆಟ್ರೋಲ್ ಬಂಕಿನ ಹತ್ತಿರ ಸೇರಬೇಕು, ಅಲ್ಲಿಂದ ಒಂದು ಕಾರಿನ ಹಿಂದೆ ಹೋಗಬೇಕು. ಕಿಟಕಿಗೆ ಕಂಬಳಿ ಹೊಡೆದಿರುತ್ತಾರೆ. ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಬಾಗಿಲ ಬಳಿ ಹುಡುಗಿಯರ ಉದ್ದ ಕೋಟು, ತಲೆವಸ್ತ್ರಗಳ ದೊಡ್ಡ ರಾಶಿ. ಓಡಬೇಕಾಗಿ ಬಂದರೆ ತಮ್ಮದು ಸಿಗಲಿ ಅಂತ ಶೀರೀನ್ ಮತ್ತು ಗೆಳತಿ ರಾಶಿಯ ಎಡ ತುದಿಯಲ್ಲಿ ಇಡುತ್ತಿದ್ದರಂತೆ. ಆಗ ಅವಳಿಗೆ 19.

ಏನು ಹಾಡು ಎಂದು ಕೇಳಿದಾಗ ಅವಳ ಮುಖ ಮೊದಲ ಸಲ ಅರಳಿತು. ಮೊದಲ ಎರಡು ತಾಸು ಬರಿ ಟೆಕ್ನೋ, ಮಾತಿಲ್ಲದ ಬಡಿತ. ಆಮೇಲೆ ಹುಡುಗರು ಸೋತು ಕುಳಿತಾಗ ಡಿಜೆ ಹಳೆಯ ಇರಾನಿ ಹಾಡು ಬಿಡುತ್ತಾನೆ. 1979ರ ಕ್ರಾಂತಿಯ ನಂತರ ದೇಶ ಬಿಟ್ಟು ಲಾಸ್ ಏಂಜಲೀಸ್ ಸೇರಿದ ಗಾಯಕರ ಹಾಡು. ತಾಳಕ್ಕೆ 'ಶೆಶೊ ಹಶ್ತ್' ಅನ್ನುತ್ತಾರೆ, ಆರು-ಎಂಟು ಅಂತ. ಮದುವೆಯಲ್ಲಿ ಅಜ್ಜಿಯರೂ ಕುಣಿಯುವ ತಾಳ. ಮೇಜಿನ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದಳು. "ಇದು ಬಂದಾಗ ಸುಮ್ನೆ ಕೂರೋಕೆ ಆಗಲ್ಲ ಮ್ಯಾಮ್, ಸೊಂಟ ತಾನೇ ಎದ್ದುಬಿಡುತ್ತೆ."

ಆ ರಾತ್ರಿ ಆ ತಾಳದ ನಡುವೆಯೇ ಹಾಡು ನಿಂತಿತು. ನಿಲ್ಲಿಸಿದ್ದು ಡಿಜೆ, ಯಾರೋ ಗೋಡೆ ಹಾರುವುದು ಅವನಿಗೆ ಕಂಡಿತ್ತು. ಹಾಡು ನಿಂತ ಮೇಲೆ ಬಾಗಿಲು ಒಡೆಯುವವರೆಗೆ ಎಷ್ಟು ಹೊತ್ತು? ಹತ್ತು ಸೆಕೆಂಡು ಇರಬಹುದು ಅನ್ನುತ್ತಾಳೆ. ನಲವತ್ತು ಜನ ಉಸಿರು ಬಿಗಿಹಿಡಿದು ನಿಂತ ಹತ್ತು ಸೆಕೆಂಡು. ಬಂದವರು ಪೊಲೀಸರೋ ಬೇರೆ ಪಡೆಯವರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಕೇಳಿದಾಗ ನನಗೆ ದಾರಿ ಕಂಡಿತು. ಅವಳ ಮೈ ಕುಣಿತಕ್ಕೆ ಹೆದರಿಲ್ಲ, ಹಾಡಿಗೂ ಹೆದರಿಲ್ಲ. ಹಾಡು ನಿಂತ ಮೇಲಿನ ಮೌನಕ್ಕೆ ಹೆದರಿದೆ. ಪಬ್ಬಿನಲ್ಲಿ ಆ ಮೌನ ಬಂತು, ಮೈ ನೆನಪಿಸಿಕೊಂಡಿತು. ಆಮೇಲೆ ಫ್ಯಾನು ನಿಂತಾಗಲೂ ಅದೇ ಮೌನ.

ಇರಾನಿನ ಕಾನೂನಿನಲ್ಲಿ ಕುಣಿಯಬಾರದು ಎಂದು ನೇರವಾಗಿ ಬರೆದ ಕಲಂ ಇಲ್ಲ. ಆದರೆ ದಂಡ ಸಂಹಿತೆಯ 638ನೇ ಕಲಂ ಇದೆ. ಧರ್ಮ ಒಪ್ಪದ ಕೆಲಸವನ್ನು ಎಲ್ಲರೆದುರು ಮಾಡಿದರೆ 10 ದಿನದಿಂದ 2 ತಿಂಗಳ ಸೆರೆ, ಇಲ್ಲವೇ 74 ಛಡಿ ಏಟು. ಮದ್ಯ ಕುಡಿದದ್ದಕ್ಕೆ 80 ಏಟು. 2014ರಲ್ಲಿ ಒಂದು ಮಹಡಿಯ ಮೇಲೆ ಕುಣಿದು ವಿಡಿಯೋ ಹಾಕಿದ ಟೆಹರಾನಿನ ಹುಡುಗ ಹುಡುಗಿಯರಿಗೆ ಸೆರೆ ಮತ್ತು 91 ಏಟಿನ ಶಿಕ್ಷೆ ಆಯಿತು, ಅಮಾನತಿನಲ್ಲಿಟ್ಟರು. 2016ರಲ್ಲಿ ಕಜ್ವೀನಿನಲ್ಲಿ ಓದು ಮುಗಿದ ಖುಷಿಗೆ ಸೇರಿದ್ದ 30ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ತಲಾ 99 ಏಟು ಬಿತ್ತು, ಅದು ಅಮಾನತಾಗಲಿಲ್ಲ. ಶೀರೀನ್‌ಗೆ ಈ ಎರಡೂ ಸುದ್ದಿ ಗೊತ್ತಿದ್ದವು. ಗೊತ್ತಿದ್ದೂ ಹೋಗುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. 19ರಲ್ಲಿ ಕುಣಿಯಬೇಕು ಅನ್ನಿಸುವುದಕ್ಕೆ ಕಾರಣ ಬೇಕಾಗಿಲ್ಲ.

ಅವಳನ್ನು ಎರಡು ರಾತ್ರಿ ಇಟ್ಟುಕೊಂಡರು. ಏಟು ಬೀಳಲಿಲ್ಲ, ದಂಡ ಕಟ್ಟಿಸಿಕೊಂಡರು. ಆದರೆ ಜಾಮೀನಿಗೆ ಅಪ್ಪ ಮನೆಯ ಪತ್ರ ಇಡಬೇಕಾಯಿತು. ಅವರು ಅದಕ್ಕೆ 'ಸನದ್' ಅನ್ನುತ್ತಾರೆ, ನಮ್ಮ ಸನದು. ಪತ್ರ ತಿಂಗಳುಗಟ್ಟಲೆ ಕೋರ್ಟಿನಲ್ಲೇ ಉಳಿಯಿತು. ಅದು 2018, ರಿಯಾಲ್ ಬೆಲೆ ಪಾತಾಳಕ್ಕೆ ಇಳಿದ ವರ್ಷ. ಮನೆ ಮಾರಿ ಸಾಲ ತೀರಿಸಬೇಕು ಎಂದುಕೊಂಡಿದ್ದ ಅಪ್ಪನಿಗೆ ಮಾರಲು ಆಗಲಿಲ್ಲ. ಆ ರಾತ್ರಿಯ ಬಗ್ಗೆ ಅವರು ಮಗಳ ಹತ್ತಿರ ಒಂದು ಮಾತೂ ಆಡಲಿಲ್ಲ. ಬೈಯಲಿಲ್ಲ, ಕೇಳಲೂ ಇಲ್ಲ. ಆರು ವರ್ಷ ಮನೆಯಲ್ಲೂ ಹಾಡು ನಿಂತ ಹಾಗೆ.

ಇಲ್ಲಿ ನನ್ನಿಂದ ಎರಡು ತಪ್ಪಾದವು. "ಈಗ ನೀನು ಬೆಂಗಳೂರಿನಲ್ಲಿದ್ದೀಯ, ಭಯ ಪಡಬೇಕಾಗಿಲ್ಲ" ಅಂದೆ. ಅವಳು ಮುಂದಿನ ವಾರ ಬರಲಿಲ್ಲ. ನಂತರ ಬಂದಾಗ ಹೇಳಿದಳು: "ನನ್ನ ತಮ್ಮ ಅಲ್ಲೇ ಇದ್ದಾನಲ್ಲ." ಎರಡನೆಯದು, ಇಷ್ಟೆಲ್ಲ ಆದ ಮೇಲೆ ಅವಳಿಗೆ ಧರ್ಮದ ಮೇಲೆ ಸಿಟ್ಟಿರುತ್ತದೆ ಎಂದು ನಾನೇ ಲೆಕ್ಕ ಹಾಕಿಬಿಟ್ಟಿದ್ದೆ. ಮೊಹರಮ್ ಬಂದಾಗ ಅವಳು ಹತ್ತು ದಿನ ಹಾಡು ಕೇಳಲಿಲ್ಲ. ಕಪ್ಪು ಬಟ್ಟೆ ಉಟ್ಟು ರಿಚ್ಮಂಡ್ ಟೌನಿನ ಮಸೀದಿಗೆ ಹೋಗಿ ಅತ್ತು ಬಂದಳು. ಅಲ್ಲಿ ಟೆಹರಾನಿನಲ್ಲಿ ಡಿಜೆ ಆಗಿರುವ ತಮ್ಮನೂ ಆ ದಿನಗಳಲ್ಲಿ ಲ್ಯಾಪ್‌ಟಾಪ್ ಮುಚ್ಚಿಡುತ್ತಾನಂತೆ. ಅಜ್ಜಿ ಕಲಿಸಿದ ಭಕ್ತಿ ಬೇರೆ, ಗೋಡೆ ಹಾರಿ ಬಂದವರು ಬೇರೆ. ಇದನ್ನು ಅವಳಿಂದ ಕಲಿತೆ. ಕ್ಷಮೆಯನ್ನೂ ಕೇಳಿದೆ.

ತಮ್ಮನಿಗೆ ಆಗ 20. ಗುರುವಾರ ರಾತ್ರಿಗಳಲ್ಲಿ ಅವನೇ ಹಾಡು ಬಿಡುವವನು. ಅಮ್ಮ ಮಗಳಿಗೆ ಫೋನ್ ಮಾಡಿ ಅಳುತ್ತಿದ್ದರು, "ನೀನು ಹೇಳಿದರೆ ಕೇಳುತ್ತಾನೆ, ನಿಲ್ಲಿಸಲು ಹೇಳು." ಶೀರೀನ್ ಹೇಳುತ್ತಿದ್ದಳು, ಅವನು ಕೇಳುತ್ತಿರಲಿಲ್ಲ. ಟೆಹರಾನ್ ನಮಗಿಂತ ಎರಡು ಗಂಟೆ ಹಿಂದೆ. ಅವನು ಮನೆ ಸೇರಿ ಒಂದೇ ಪದದ ಸಂದೇಶ ಕಳಿಸುವವರೆಗೆ ಇವಳಿಗೆ ನಿದ್ದೆಯಿಲ್ಲ. ಪದ 'ರಸೀದಮ್', ತಲುಪಿದೆ ಅಂತ. ನಮ್ಮ ರಸೀದಿಗೂ ಅದೇ ಬೇರು. ಶುಕ್ರವಾರ ಬೆಳಗಿನ ಐದು, ಆರು ಗಂಟೆಗೆ ಆ ರಸೀದಿ ಬರುತ್ತಿತ್ತು. ಶುಕ್ರವಾರದ ತರಗತಿಗೆ ಅವಳು ಹೋಗದೆ ಎರಡು ತಿಂಗಳಾಗಿತ್ತು.

ನಾನು ಕೊಟ್ಟ ಸಲಹೆ ಇದು. ನಿದ್ದೆಯ ವಿಷಯಕ್ಕೆ ಮೊದಲು ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಸ್ವಲ್ಪ ಕಾಲಕ್ಕೆ ಮಾತ್ರೆ ಕೊಟ್ಟರು. ದಣಿದ ಮೈಗೆ ಎಷ್ಟು ಸಲಹೆ ಹೇಳಿದರೂ ಇಳಿಯುವುದಿಲ್ಲ.

ಮೌನದ ಭಯಕ್ಕೆ ನನ್ನ ಕೋಣೆಯಲ್ಲೇ ಕೆಲಸ ಶುರು ಮಾಡಿದೆವು. ಅವಳಿಗೆ ಇಷ್ಟವಾದ ಆರು-ಎಂಟರ ಹಾಡು ಹಾಕುವುದು, ಅವಳ ಕೈಯಿಂದಲೇ ನಿಲ್ಲಿಸುವುದು. ನಿಲ್ಲಿಸುವವಳು ಅವಳೇ ಆಗಿರಬೇಕು, ಮುಖ್ಯವಾದದ್ದು ಅದು. ನಿಂತ ಮೇಲೆ ಕೋಣೆಯಲ್ಲಿ ಕೇಳುವ ಸದ್ದುಗಳನ್ನು ಹೇಳಬೇಕು. ಗಡಿಯಾರ. ಕೆಳಗೆ ತರಕಾರಿ ಗಾಡಿಯವನ ಕೂಗು. ಪಕ್ಕದ ಮನೆಯ ಕುಕ್ಕರ್ ಸೀಟಿ. ಆಮೇಲೆ ಎದ್ದು ಹೋಗಿ ತಾನೇ ಬಾಗಿಲು ತೆರೆದು ಹೊರಗೆ ನೋಡಿ ಬರಬೇಕು. ಮೊದಲ ದಿನ ಅರ್ಧ ನಿಮಿಷದ ಹಾಡಿಗೇ ಬೆವತಳು. ಆರನೆಯ ವಾರಕ್ಕೆ ಕೋಣೆಯ ಗೆಳತಿ ಹೇಳದೆ ಕೇಳದೆ ಹಾಡು ನಿಲ್ಲಿಸಿದರೂ ಕುಳಿತಲ್ಲೇ ಇದ್ದಳು. ಪಬ್ಬಿಗೆ ಹೋಗಿ ಧೈರ್ಯ ಪರೀಕ್ಷೆ ಮಾಡಿಕೊಳ್ಳಬೇಡ ಎಂದೆ. ಹೋಗಬೇಕು ಅನ್ನಿಸಿದರೆ ಹೋಗು, ಮುಚ್ಚುವ ಅರ್ಧ ಗಂಟೆ ಮೊದಲು ಹೊರಟುಬಿಡು. ಸೋಲು ಅಂತ ಅಂದುಕೊಳ್ಳಬೇಡ.

ಇದನ್ನು ಹೇಳುವಾಗ ನನ್ನ ಊರು ಮಂಗಳೂರು ಎಂದೂ ಹೇಳಿದೆ. 2009ರ ಜನವರಿ 24ರಂದು ಅಲ್ಲಿ ಒಂದು ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಎಳೆದು ಹೊಡೆದದ್ದು, 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದ್ದವರನ್ನು ಥಳಿಸಿದ್ದು, ಎಲ್ಲ ಹೇಳಿದೆ. ಇಲ್ಲಿ ಹೊಡೆದವರು ಸರ್ಕಾರದವರಲ್ಲ, ಅವರ ಮೇಲೆ ಕೇಸು ಹಾಕಲು ಆಗುತ್ತಿತ್ತು. ಆ ವ್ಯತ್ಯಾಸ ದೊಡ್ಡದು. ಆದರೂ ಆ ದಿನಗಳಲ್ಲಿ ನನ್ನ ಬಳಿ ಬಂದ ಮಂಗಳೂರಿನ ತಾಯಂದಿರು "ಅವಳು ಯಾಕೆ ಹೋಗಬೇಕಿತ್ತು" ಎಂದೇ ಕೇಳುತ್ತಿದ್ದರು. ಶೀರೀನ್ ತುಂಬ ಹೊತ್ತು ಸುಮ್ಮನಿದ್ದು, "ನನ್ನ ಚಿಕ್ಕಮ್ಮ ಕೂಡ ಅದನ್ನೇ ಕೇಳಿದ್ದು" ಎಂದಳು.

ತಮ್ಮನ ವಿಷಯದಲ್ಲಿ ನಾನು ಹೇಳಿದ್ದು ಅಮ್ಮನಿಗೆ ಮೊದಲು ರುಚಿಸಲಿಲ್ಲ. ನಿಲ್ಲಿಸು ಅನ್ನುವುದನ್ನು ನಿಲ್ಲಿಸಿ. ನಿಲ್ಲಿಸು ಅಂದಷ್ಟೂ ಅವನು ಮನೆಗೆ ಸುಳ್ಳು ಹೇಳುತ್ತಾನೆ, ಅಪಾಯ ಆದ ದಿನ ಮನೆಗೆ ಫೋನ್ ಮಾಡುವುದಿಲ್ಲ. ಅದರ ಬದಲು ಬದುಕಿ ಉಳಿಯುವ ಮಾತು ಆಡಿ. ಕುಡಿದವನ ಕಾರು ಹತ್ತಬೇಡ. ಮನೆಯಲ್ಲಿ ಕಾಸಿದ ಮದ್ಯ, ಯಾರು ಮಾಡಿದ್ದು ಅಂತ ಗೊತ್ತಿಲ್ಲದ್ದು ಮುಟ್ಟಬೇಡ. 2020ರಲ್ಲಿ, ಕೊರೊನಾ ಹೊಸತರಲ್ಲಿ, ಮೆಥನಾಲ್ ಎಂಬ ವಿಷದ ಮದ್ಯಸಾರ ಕುಡಿದು ಇರಾನಿನಲ್ಲಿ ನೂರಾರು ಜನ ಸತ್ತರು. 1981ರಲ್ಲಿ ನಮ್ಮ ಬೆಂಗಳೂರಿನಲ್ಲೂ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. ಮೆಥನಾಲನ್ನು ವಾಸನೆಯಿಂದ, ರುಚಿಯಿಂದ ಗುರುತಿಸಲು ಆಗುವುದಿಲ್ಲ. ಅರ್ಧ ದಿನ, ಒಂದು ದಿನ ಕಳೆದ ಮೇಲೂ ಕಣ್ಣು ಮಂಜಾಗಬಹುದು. ತಲೆನೋವು, ವಾಂತಿ, ಕಣ್ಣು ಮಂಜು ಅಂದರೆ ಮಲಗಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ, ವೈದ್ಯರಿಗೆ ಕುಡಿದದ್ದನ್ನು ಮುಚ್ಚಿಡಬೇಡಿ. ಫೋನಿನಲ್ಲಿ ಮಾತ್ರ ಜಾಗ, ಹೆಸರು ಯಾವುದೂ ಬೇಡ. ಅವರು 'ಫಿಲ್ಟರ್ ಶೆಕನ್' ಹಾಕಿಕೊಂಡೇ ಮಾತಾಡುತ್ತಾರೆ, ಅಂದರೆ ತಡೆ ಮುರಿಯುವ ವಿಪಿಎನ್. ಆದರೂ ಎಚ್ಚರ ಇರಲಿ.

ಶೀರೀನ್‌ಗೆ ಇನ್ನೊಂದು ಹೇಳಿದೆ. ನೀನು ಅವನ ಅಕ್ಕ, ಬೆಂಗಳೂರಿನಿಂದ ಕಾಯುವ ಕಾವಲುಗಾರಳಲ್ಲ. ಗುರುವಾರ ಫೋನನ್ನು ಗೆಳತಿಯ ಕೋಣೆಯಲ್ಲಿಟ್ಟು ಮಲಗು. ಸಂದೇಶ ಬೆಳಗ್ಗೆಯೂ ಅಲ್ಲೇ ಇರುತ್ತದೆ. ನೀನು ಎಚ್ಚರವಿದ್ದರೆ ಅವನು ಬೇಗ ತಲುಪುವುದಿಲ್ಲ.

ಕಷ್ಟವಾದದ್ದು ಅಪ್ಪನ ವಿಷಯ. ಕ್ಷಮೆ ಕೇಳುವ ಕಾಗದ ಬರೆಯುತ್ತೇನೆ ಎಂದಳು. ಕ್ಷಮೆ ಬೇಡ, ಒಂದು ಪ್ರಶ್ನೆ ಬರೆ ಎಂದೆ. ಎರಡು ವಾರ ಹಿಡಿಯಿತು. ಕೊನೆಗೆ ಬರೆದದ್ದು ಒಂದೇ ಸಾಲು: "ಬಾಬಾ, ಆ ರಾತ್ರಿಯ ಬಗ್ಗೆ ನೀವು ಯಾಕೆ ಏನೂ ಕೇಳಲಿಲ್ಲ?" ಕಾಗದವನ್ನು ಅಂಚೆಗೆ ಹಾಕಲಿಲ್ಲ. ರಜೆಗೆ ಊರಿಗೆ ಹೊರಟ ಗೆಳತಿಯ ಕೈಯಲ್ಲಿ ಕಳಿಸಿದಳು.

ಒಂದು ತಿಂಗಳ ಮೇಲೆ ಅಪ್ಪನ ಧ್ವನಿ ಸಂದೇಶ ಬಂತು. ನನ್ನೆದುರು ಹಾಕಿ, ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿದಳು. ಮೊದಲು ಹವೆಯ ಮಾತು, ಅಜ್ಜಿಯ ಮಂಡಿನೋವಿನ ಮಾತು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ್ದರು: "ಆ ಎರಡು ದಿನ ನಿನಗೆ ಊಟ ಕೊಟ್ಟರೋ ಇಲ್ಲವೋ ಅಂತ ಕೇಳಬೇಕು ಅಂದುಕೊಂಡೆ. ಕೊಟ್ಟಿಲ್ಲ ಅಂದುಬಿಟ್ಟರೆ ಏನು ಮಾಡಲಿ ಅಂತ ಕೇಳಲಿಲ್ಲ." ಮನೆಯ ಪತ್ರದ ಮಾತೇ ಅದರಲ್ಲಿ ಇರಲಿಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಶುಕ್ರವಾರದ ತರಗತಿ ತಪ್ಪಿಸುತ್ತಿಲ್ಲ. ತಮ್ಮ ಹಾಡು ಬಿಡುವುದನ್ನು ನಿಲ್ಲಿಸಿಲ್ಲ, ಕಡ್ಡಾಯ ಸೈನ್ಯ ಸೇವೆಗೆ ಕರೆ ಬರುವುದನ್ನು ಕಾಯುತ್ತಿದ್ದಾನೆ. ಅಮ್ಮ ಈಗ ಗುರುವಾರ ಅವನಿಗೆ ಊಟ ಕಟ್ಟಿ ಕಳಿಸುತ್ತಾರಂತೆ, ನಾಲ್ಕೈದು ಜನಕ್ಕೆ ಆಗುವಷ್ಟು. ಹೋದ ಸಲ ನಾವು ಮಾತಾಡುತ್ತಿದ್ದಾಗಲೇ ಕರೆಂಟ್ ಹೋಯಿತು. ಫ್ಯಾನು ನಿಂತಿತು. ಶೀರೀನ್ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ, "ಕುಕ್ಕರ್, ಮೂರನೆಯ ಸೀಟಿ" ಎಂದು ಮಾತು ಮುಂದುವರಿಸಿದಳು.